ಸೋಸಿಹೋದ ಸಂಶೋಧನೆ

ಸಂಶೋಧನೆ ಎಂದರೆ ಏನು ಮಹಾ, ಒಂದು ಬಾಟಲಿ ನೀರು ತಂದು ನಾಲ್ಕು ಜನರ ಮುಂದೆ ಇಟ್ಟು ಅದರಲ್ಲಿ ಏನಿದೆ ಎಂದು ಹೇಳಿದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ನೀರು ತಂದೆ. ನಾಲ್ಕು ಜನರ ಮುಂದೆ ಇಟ್ಟೆ. ಏನಿದೆ ಎಂದು ಹೇಳುವ ಹೊತ್ತಿಗೆ ಅದರಲ್ಲಿ ಏನೂ ಇರಲಿಲ್ಲ!

ಮೊದಲು ನಾನು ಯಾರು ಎಂಬುದನ್ನು ಹೇಳಿಬಿಡಬೇಕು. ಇಪ್ಪತ್ತೊಂದು ವರ್ಷ ಚನ್ನಗಿರಿ ಸೀಮೆಯ ಹಳ್ಳಿ ಹಳ್ಳಿ ತಿರುಗಿ ಮಕ್ಕಳ ತೋಳಿಗೆ ದೇವಿ ಹಾಕಿದವನು, ಅಂದರೆ ಸಿಡುಬು ಬಾರದಂತೆ ಚುಚ್ಚಿದವನು ನಾನು. ನಾನು ಊರೊಳಗೆ ಕಾಲಿಟ್ಟರೆ ಮಕ್ಕಳು ಹಿತ್ತಿಲಿಗೆ, ತಾಯಂದಿರು ಅಟ್ಟಕ್ಕೆ. ನನ್ನನ್ನು ಎದುರುಗೊಳ್ಳಲು ಬರುತ್ತಿದ್ದವು ನಾಯಿಗಳು ಮಾತ್ರ. ಇಲಾಖೆಯವರು ನನಗೆ ಒಂದು ಚೀಲ, ಒಂದು ಸೂಜಿ, ಒಂದು ರಿಜಿಸ್ಟರು ಕೊಟ್ಟಿದ್ದರು. ಕಾಲುಗಳು ನನ್ನ ಸ್ವಂತದವು. ನಡೆದು ನಡೆದು ನನ್ನ ಮೊಣಕಾಲುಗಳು ನನಗಿಂತ ಹತ್ತು ವರ್ಷ ಮೊದಲೇ ಪಿಂಚಣಿ ಕೇಳತೊಡಗಿದ್ದವು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಇಲಾಖೆಯಿಂದ ಒಂದು ಆಜ್ಞೆ ಬಂತು: ಹಳೆಯ ನೌಕರರು ಇಷ್ಟಪಟ್ಟರೆ ಆರು ತಿಂಗಳ ಆರೋಗ್ಯ ತರಗತಿಗೆ ಸೇರಬಹುದು, ತೇರ್ಗಡೆಯಾದರೆ ಹೆಲ್ತ್ ಇನ್‌ಸ್ಪೆಕ್ಟರ್ ಆಗಬಹುದು. ಇನ್‌ಸ್ಪೆಕ್ಟರಿಗೆ ಸರ್ಕಾರಿ ಸೈಕಲ್ಲು! ಆ ಒಂದು ಪದವನ್ನು ಓದಿ ನನ್ನ ಎರಡೂ ಮೊಣಕಾಲುಗಳು ಒಟ್ಟಿಗೆ ಅರ್ಜಿ ಹಾಕಿದವು. ಸೈಕಲ್ ತುಳಿಯಲು ನನಗೆ ಬರುತ್ತಿರಲಿಲ್ಲ, ಅದು ಬೇರೆ ಚಿಂತೆ. ಅದನ್ನು ಸರದಿಯಲ್ಲಿ ನಿಲ್ಲಿಸಿದೆ. ನನ್ನಲ್ಲಿ ಚಿಂತೆಗಳಿಗೆ ಯಾವಾಗಲೂ ಸರದಿ ಉಂಟು.

ಹೀಗೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ವಿದ್ಯಾರ್ಥಿಯಾದೆ.

"ಏನ್ರೀ, ಈ ವಯಸ್ಸಿನಾಗೆ ಪಾಸಾಗ್ತೀರಾ?" ಎಂದು ನನ್ನ ಹೆಂಡತಿ ಗಿರಿಜಮ್ಮ ಕೇಳಿದಳು.

"ಆಗದೆ ಏನು?"

"ಆಗ್ರಿ ಮತ್ತೆ. ನಿಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಅಂಗೈ ಗೆರೆನೇ ಅಳಿಸಿ ಹೋಗ್ಯಾವೆ. ಭವಿಷ್ಯ ಕೇಳಾಕೆ ಹೋದ್ರೆ ಆ ಶಾಸ್ತ್ರಿ ಏನು ನೋಡಿ ಹೇಳಬೇಕು?"

ತರಗತಿಯಲ್ಲಿ ನಾವು ನಾಲ್ಕು ಜನ. ಮೂವರಿಗೆ ಮೀಸೆ ಆಗ ತಾನೆ ಮೂಡುತ್ತಿತ್ತು, ನನ್ನದು ನರೆಯುತ್ತಿತ್ತು. ಆ ಮೂವರಲ್ಲಿ ನ್ಯಾಮತಿಯ ಚಂದ್ರಪ್ಪ ಎಂಬವನು ನನ್ನ ಪಕ್ಕದಲ್ಲಿ ಕೂರುತ್ತಿದ್ದ. ನಮ್ಮ ಬೀದಿಯಲ್ಲೇ ಬಾಡಿಗೆ ಕೋಣೆ ಹಿಡಿದಿದ್ದ. ನನ್ನನ್ನು "ಅಣ್ಣಾ" ಎನ್ನುತ್ತಿದ್ದ, ನನ್ನ ಪುಸ್ತಕ ನೋಡಿ ಬರೆಯುತ್ತಿದ್ದ, ನನಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದ.

ಕೊನೆಯ ಪರೀಕ್ಷೆ ಬರವಣಿಗೆಯದಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಸೀಮೆಗೆ ಹೋಗಿ, ಅಲ್ಲಿನ ಒಂದು ರೋಗವನ್ನು ವಿಚಾರಿಸಿ, ಪ್ರಬಂಧ ಬರೆದು, ದೊಡ್ಡ ಡಾಕ್ಟರುಗಳ ಮುಂದೆ ಸಾಕ್ಷಿಸಮೇತ ಮಂಡಿಸಬೇಕು. ಊರು, ರೋಗ ಎರಡನ್ನೂ ಚೀಟಿ ಎತ್ತಿ ಹಂಚಿದರು. ಒಬ್ಬನಿಗೆ ಚನ್ನಗಿರಿಯ ಮಲೇರಿಯಾ ಬಂತು. ಇನ್ನೊಬ್ಬನಿಗೆ ಹೊನ್ನಾಳಿಯ ವಾಂತಿಭೇದಿ. ಚಂದ್ರಪ್ಪನಿಗೆ ಅವನ ಸ್ವಂತ ಊರು ನ್ಯಾಮತಿ, ರೋಗ ಕಜ್ಜಿ. ಮನೆಯಲ್ಲಿ ಅಮ್ಮನ ಕೈ ರೊಟ್ಟಿ ತಿಂದುಕೊಂಡು ಸಂಶೋಧನೆ! ಉಳಿದ ಚೀಟಿ ನನ್ನದು. ಬಿಡಿಸಿದೆ. ಜಗಳೂರು, ನಾರುಹುಣ್ಣು.

ನಾರುಹುಣ್ಣನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ನೋಡದವರು ಪುಣ್ಯವಂತರು. ಕೆಲವು ಮೆಟ್ಟಿಲು ಬಾವಿಗಳ ನೀರಿನಲ್ಲಿ ಸಾಸಿವೆಯ ಚೂರಿಗಿಂತ ಸಣ್ಣ ನೀರುಹುಳುಗಳಿರುತ್ತವೆ. ಅವುಗಳ ಹೊಟ್ಟೆಯೊಳಗೆ ಇನ್ನೊಂದು ಹುಳುವಿನ ಮರಿ. ಆ ನೀರನ್ನು ಸೋಸದೆ ಕುಡಿದರೆ ಮರಿ ನಮ್ಮ ಮೈಯೊಳಗೆ ಸೇರಿ, ಆರಾಮವಾಗಿ ಬೆಳೆದು, ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ ಮೊಳಗಟ್ಟಲೆ ದಾರದಂತೆ ಹೊರಗೆ ಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟು ಎಳೆಯಬೇಕು. ರೋಗಿ ಉರಿ ತಾಳಲಾರದೆ ಕಾಲನ್ನು ಬಾವಿಗೆ ಇಳಿಬಿಟ್ಟರೆ, ಮತ್ತೆ ಮರಿಗಳು ನೀರಿಗೆ. ತಡೆಯುವ ಉಪಾಯ ಒಂದೇ: ಬಾವಿಗೆ ಕಾಲಿಡಬಾರದು, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯಬಾರದು.

ಎಷ್ಟು ಸುಲಭ! ಒಂದು ಬಾಟಲಿ ಬಾವಿ ನೀರು ತಂದು, ಭೂತಗನ್ನಡಿಯಲ್ಲಿ ಆ ನೀರುಹುಳುಗಳನ್ನು ಡಾಕ್ಟರುಗಳಿಗೆ ತೋರಿಸಿದರೆ ಸೈಕಲ್ಲು ನನ್ನದು ಎಂದುಕೊಂಡೆ.

ಬಸ್ಸಿನಲ್ಲಿ ಜಗಳೂರಿಗೆ ಹೋಗಿ ಅಲ್ಲಿಂದ ಸೊಕ್ಕೆಯ ಕಡೆಗೆ ಹೊರಟೆ. "ಇದೇ ಕೊನೆಯ ಸಲ" ಎಂದು ಮೊಣಕಾಲುಗಳಿಗೆ ಮಾತು ಕೊಟ್ಟು ನಡೆಸಿಕೊಂಡು ಹೋದೆ. ಸೊಕ್ಕೆ ದಾಟಿ, ಜೋಳದ ಹೊಲಗಳ ನಡುವೆ ಒಂದು ಹಳೆಯ ಮೆಟ್ಟಿಲು ಬಾವಿ ಸಿಕ್ಕಿತು. ಒಬ್ಬ ಅಜ್ಜಿ ಕೊಡ ತುಂಬಿಕೊಂಡು ಮೇಲೆ ಬಂದು ದಣಿವಾರಿಸಿಕೊಳ್ಳುತ್ತಿದ್ದಳು.

ನಾನು ರುಮಾಲು ಸರಿಮಾಡಿಕೊಂಡು, ಕಂಠ ಸರಿಮಾಡಿಕೊಂಡು, ಉಪದೇಶ ಶುರುಮಾಡಿದೆ. "ನೋಡಮ್ಮಾ, ಈ ಬಾವಿಯಲ್ಲಿ ಯಾರೂ ಕಾಲಿಡಬಾರದು."

"ಕಾಲಿಡದೆ ನೀರು ಹೆಂಗೆ ತುಂಬದು ಸ್ವಾಮಿ?"

"ಒಣ ಮೆಟ್ಟಿಲ ಮೇಲೇ ನಿಂತು, ಬಗ್ಗಿ, ಪಾತ್ರೆಯನ್ನು ಮಾತ್ರ ಮುಳುಗಿಸಬೇಕು. ಹೇಗೆ ಅಂತ ತೋರಿಸ್ತೀನಿ ನೋಡು."

ನಾನು ಎರಡು ದೊಡ್ಡ ಔಷಧದ ಬಾಟಲಿ ಹಿಡಿದು ಇಳಿದೆ. ಒಣ ಮೆಟ್ಟಿಲ ಮೇಲೇ ನಿಂತೆ. ಬಗ್ಗಿದೆ. ಪಾತ್ರೆಯನ್ನು ಮಾತ್ರ ಮುಳುಗಿಸಬೇಕು ಎಂಬ ನಿಯಮ ನನಗೆ ಗೊತ್ತಿತ್ತು, ಮೊಣಕಾಲುಗಳಿಗೆ ಗೊತ್ತಿರಲಿಲ್ಲ. ಅವು ಮಡಚಿಕೊಂಡವು. ನಾನು ರುಮಾಲುಸಮೇತ ಎದೆಮಟ್ಟದ ನೀರಿನಲ್ಲಿದ್ದೆ!

ಅಜ್ಜಿ ಮೇಲಿನಿಂದ ಇಣುಕಿದಳು. "ಅಯ್ಯೋ ನಮ್ಮಪ್ಪಾ! ಕಾಲಿಡಬ್ಯಾಡ್ರಿ ಅಂತ ಹೇಳಾಕೆ ಬಂದೋನು ನೀನೇ ಪೂರಾ ಇಳಿದುಬಿಟ್ಯಲ್ಲೋ! ಮಿಂದಾತಾ? ಬೆನ್ನು ತಿಕ್ಕಾಕೆ ಯಾರನ್ನಾದ್ರೂ ಕರೀಲಾ?"

ಇದ್ದ ಮರ್ಯಾದೆಯೆಲ್ಲ ನೀರಿನಲ್ಲಿ ಹೋಗಿದ್ದರಿಂದ, ಬಾಟಲಿಗಳನ್ನು ಅಲ್ಲೇ ತುಂಬಿಕೊಂಡು ಹತ್ತಿ ಬಂದೆ. ಬಿಸಿಲಿಗೆ ಹಿಡಿದು ನೋಡಿದರೆ, ಆಹಾ! ಬಿಳಿ ಚುಕ್ಕೆಗಳು ನೂರಾರು, ಪುಟಪುಟನೆ ಹಾರುತ್ತಾ ತೇಲುತ್ತಾ ಇವೆ. ಸಾಕ್ಷಿ ಸಿಕ್ಕಿತು. ಅಜ್ಜಿಗೂ ಕರುಣೆ ಬಂತು. "ಬಿಸಿಲಾಗೆ ಬಂದೀಯ, ತಗಾ ಕುಡಿ" ಎಂದು ಕೊಡದಿಂದ ಚೊಂಬು ತುಂಬಿ ಕೊಟ್ಟಳು. ಎರಡು ಚೊಂಬು ಕುಡಿದೆ. ನೀರು ಬಹಳ ಸಿಹಿಯಾಗಿತ್ತು.

ಹಿಂದಿರುಗುವಾಗ ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿದೆ. ಯುದ್ಧದಿಂದಾಗಿ ಆಗ ಪೆಟ್ರೋಲ್ ಸಿಗುತ್ತಿರಲಿಲ್ಲ. ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಅದರ ಹೊಗೆಯಲ್ಲಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ಮರ್ಯಾದೆಯ ಮಾತು. ಏರು ಬಂದರೆ ನಾವು ಇಳಿದು ತಳ್ಳಬೇಕು. ಅರ್ಧ ದಾರಿಯಲ್ಲಿ ಅದು ಮುಂದಿನಿಂದ ಬುಸ್ ಎಂದು ಹಬೆ ಬಿಟ್ಟು ನಿಂತಿತು.

"ಎಂಜಿನ್ನಿಗೆ ನೀರು ಬೇಕ್ರೀ! ಯಾರತ್ರ ಐತೆ?" ಎಂದು ಡ್ರೈವರ್ ಕೂಗಿದ.

ಮೂವತ್ತು ಜೊತೆ ಕಣ್ಣುಗಳು ನನ್ನ ತೊಡೆಯ ಮೇಲಿದ್ದ ಬಾಟಲಿಗಳ ಮೇಲೆ ನಿಂತವು.

"ಇದು ನೀರಲ್ಲ, ಸಂಶೋಧನೆ" ಎಂದೆ.

"ನೀರಿನಂಗೇ ಐತಲ್ಲ ಸ್ವಾಮಿ!"

"ಇದರಲ್ಲಿ ನಾರುಹುಣ್ಣಿನ ಹುಳು ಇದೆ ಕಣಯ್ಯಾ!"

"ಇರ್ಲಿ ಬಿಡ್ರಿ. ಬಸ್ಸಿಗೆ ನಾರುಹುಣ್ಣು ಎದ್ರೆ ಮುಂದಿನ ಚಕ್ರದಾಗೆ ಏಳ್ತೈತೋ ಹಿಂದಿನ ಚಕ್ರದಾಗೆ ಏಳ್ತೈತೋ, ನೋಡಾಣ."

ಬಸ್ಸೆಲ್ಲ ನಕ್ಕಿತು. ನನ್ನ ಅರ್ಧ ಸಂಶೋಧನೆ ಎಂಜಿನ್ನಿನ ಹೊಟ್ಟೆಗೆ ಹೋಯಿತು. ಉಳಿದ ಒಂದು ಬಾಟಲಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಚನ್ನಗಿರಿ ಸೇರಿದೆ.

ಪ್ರಬಂಧ ಮಂಡಿಸುವುದು ಮರುದಿನ. ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಅಡಿಗೆಮನೆಯ ತಣ್ಣನೆಯ ಮೂಲೆಯಲ್ಲಿಟ್ಟು ಗಿರಿಜಮ್ಮನಿಗೆ ಎಚ್ಚರಿಕೆಗಳ ಮಾಲೆಯನ್ನೇ ಹಾಕಿದೆ. "ಬಿಸಿಲು ತಾಗಿಸಬೇಡ. ಒಲೆ ಹತ್ತಿರ ಇಡಬೇಡ. ಅಲ್ಲಾಡಿಸಬೇಡ. ಬೀಳಿಸಬೇಡ. ಯಾರಿಗೂ ಕೊಡಬೇಡ. ನಾಳೆ ನನ್ನ ಭಾಷಣಕ್ಕೆ ಈ ನೀರು ಬೇಕೇ ಬೇಕು. ಇದಿಲ್ಲದಿದ್ದರೆ ನಾನು ಬಾಯಿ ತೆರೆಯುವ ಹಾಗೇ ಇಲ್ಲ."

"ಆತು ಬಿಡ್ರಿ. ಎಷ್ಟು ಸಲ ಹೇಳ್ತೀರಿ?"

ಏಳು ಸಲ ಹೇಳಿದ್ದೆ. ಜಗತ್ತಿನಲ್ಲಿ ಆ ಬಾಟಲಿಗೆ ಆಗಬಹುದಾದ ಅನಾಹುತಗಳನ್ನೆಲ್ಲ ಯೋಚಿಸಿ ಹೇಳಿದ್ದೆ. ಒಂದನ್ನು ಬಿಟ್ಟು.

ಮರುದಿನ ಊರಿನ ಛತ್ರದ ಹಜಾರದಲ್ಲಿ ಸಭೆ. ಎದುರಿಗೆ ಮೂವರು ಡಾಕ್ಟರುಗಳು. ನಡುವೆ ಕೂತಿದ್ದ ದೊಡ್ಡ ಡಾಕ್ಟರಿಗೆ ಕನ್ನಡಕ, ಮೇಲಕ್ಕೆ ತಿರುವಿದ ಮೀಸೆ. ಊರಿನವರಿಗೂ ಆಹ್ವಾನವಿತ್ತು. ಹೆಂಗಸರ ಸಾಲಿನಲ್ಲಿ ಗಿರಿಜಮ್ಮ, ಅವಳ ಪಕ್ಕದಲ್ಲಿ ನೆರೆಮನೆಯ ಸಾಕಮ್ಮ. ಗಿರಿಜಮ್ಮ ಆಗಲೇ ಸಾಕಮ್ಮನ ಹತ್ತಿರ "ನಮ್ಮ ಇನ್‌ಸ್ಪೆಕ್ಟ್ರು" ಎಂದೇ ನನ್ನನ್ನು ಕರೆಯತೊಡಗಿದ್ದಳು.

ಮಲೇರಿಯಾ, ವಾಂತಿಭೇದಿ ಎರಡೂ ಸಲೀಸಾಗಿ ಪಾಸಾದವು. ಆಮೇಲೆ ಚಂದ್ರಪ್ಪನ ಕಜ್ಜಿ. ಹುಡುಗ ಬಹಳ ಚೆನ್ನಾಗಿ ಮಾತಾಡಿದ. ಕಜ್ಜಿಯ ಹುಳು ಚರ್ಮದೊಳಗೆ ಹೇಗೆ ಸುರಂಗ ಕೊರೆಯುತ್ತದೆ, ಬೆರಳ ಸಂದಿಯಲ್ಲಿ ಹೇಗೆ ನವೆಯುತ್ತದೆ ಎಂದು ಎಷ್ಟು ಚೆನ್ನಾಗಿ ವರ್ಣಿಸಿದನೆಂದರೆ, ಹತ್ತು ನಿಮಿಷದಲ್ಲಿ ಸಭೆಯೆಲ್ಲ ಕೆರೆದುಕೊಳ್ಳುತ್ತಿತ್ತು. ದೊಡ್ಡ ಡಾಕ್ಟರು ಘನತೆಯಿಂದ ತಡೆದುಕೊಂಡರು, ತಡೆದುಕೊಂಡರು, ಕೊನೆಗೆ ಮೇಜಿನ ಅಡಿಯಲ್ಲಿ ಕೈ ಹಾಕಿ ಮೊಣಕಾಲು ಕೆರೆದುಕೊಂಡರು. ಇಡೀ ಸಭೆ ಅದನ್ನು ನೋಡಿತು. "ಸಾಕು, ಕೂತ್ಕೊಳಯ್ಯಾ! ಮುಂದಿನ ವರ್ಷ ಬಾ!" ಎಂದು ಗದರಿದರು.

ಅವರ ಆ ಮನಸ್ಥಿತಿಯಲ್ಲಿ ನನ್ನ ಹೆಸರು ಕೂಗಿದರು.

ಹೋಗಿ ಮೊದಲು ನನ್ನ ಚಿತ್ರಪಟ ತೂಗುಹಾಕಿದೆ. ಹಳೆಯ ಪಂಚೆಯ ಮೇಲೆ ಬಾವಿ, ನೀರುಹುಳು, ಕಾಲಿನಿಂದ ಹುಳು ಇಳಿಬಿದ್ದ ರೋಗಿ ಎಲ್ಲವನ್ನೂ ಶಾಯಿಯಲ್ಲಿ ಬರೆದಿದ್ದೆ. ರೋಗಿ ಸ್ವಲ್ಪ ಗೌರವಸ್ಥನಾಗಿ ಕಾಣಲೆಂದು ಕನ್ನಡಕ ಹಾಕಿ ಮೀಸೆಯನ್ನು ಮೇಲಕ್ಕೆ ತಿರುವಿದ್ದೆ. ಸಭೆ ಪಂಚೆಯನ್ನು ನೋಡಿತು. ದೊಡ್ಡ ಡಾಕ್ಟರನ್ನು ನೋಡಿತು. ಮತ್ತೆ ಪಂಚೆಯನ್ನು ನೋಡಿತು.

"ಮುಂದುವರಿಸಿ" ಎಂದರು ಅವರು, ಹಲ್ಲು ಬಿಗಿಹಿಡಿದು.

ನಾನು ಬಾಯಿಪಾಠ ಮಾಡಿದ್ದನ್ನು ಶುರುಮಾಡಿದೆ. "ಮಾನ್ಯ ಸಭಾಸದರೇ! ಈ ಬಾಟಲಿಯು ನೋಡಲು ಸಾಮಾನ್ಯ. ಆದರೆ ಇದರೊಳಗೆ ಒಂದು ಸೀಮೆಯನ್ನೇ ಕುಂಟಾಗಿಸಬಲ್ಲ ಘೋರ ಸೈನ್ಯವು ಈ ಕ್ಷಣವೂ ಈಜಾಡುತ್ತಿದೆ! ದಯಮಾಡಿ ಅವಲೋಕಿಸಬೇಕು!" ಎಂದು ಒದ್ದೆ ಬಟ್ಟೆಯನ್ನು ಜಾದೂಗಾರನ ಹಾಗೆ ಸರ್ರನೆ ಎಳೆದೆ.

ಬಾಟಲಿ ಫಳಫಳ ಹೊಳೆಯುತ್ತಿತ್ತು. ನಮ್ಮ ಮನೆಯ ದೇವರ ಪಾತ್ರೆ ಕೂಡ ಹಾಗೆ ಹೊಳೆದದ್ದನ್ನು ನಾನು ಕಂಡಿಲ್ಲ.

ದೊಡ್ಡ ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರು. ತಿರುಗಿಸಿ ನೋಡಿದರು. ಪಕ್ಕದ ಇಬ್ಬರಿಗೂ ತೋರಿಸಿದರು. "ಸೈನ್ಯ ಎಲ್ಲಿ?"

ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತಳದಲ್ಲಿ ಒಂದು ಕಪ್ಪು ಚುಕ್ಕೆ ಹೊರಳಿತು. "ಅಗೋ! ಅಗೋ ಅಲ್ಲಿ! ಚಲಿಸುತ್ತಿದೆ!" ಎಂದು ಕಿರುಚಿದೆ.

ಅವರು ಬಿರಡೆ ತೆಗೆದು ಮೂಸಿದರು. "ಏಲಕ್ಕಿ ವಾಸನೆ ಬರ್ತಾ ಇದೆಯಲ್ಲ?" ಎಂದು, ಆ ಚುಕ್ಕೆಯನ್ನು ಅಂಗೈಗೆ ಸುರಿದುಕೊಂಡರು. "ಹೌದು. ಏಲಕ್ಕಿ ಬೀಜ. ಏನಯ್ಯಾ, ಜಗಳೂರಿನ ಬಾವಿಗಳಲ್ಲಿ ಏಲಕ್ಕಿ ಬೆಳೆಯುತ್ತೋ?"

ಆಗ ಹೆಂಗಸರ ಸಾಲಿನಿಂದ ಗಿರಿಜಮ್ಮ ಎದ್ದು ನಿಂತಳು.

"ಏಲಕ್ಕಿ ನಾನೇ ಹಾಕಿದ್ದು ಸ್ವಾಮಿ, ಇವರ ಗಂಟಲಿಗೆ ಒಳ್ಳೇದಾಗ್ಲಿ ಅಂತ. ಭಾಷಣಕ್ಕೆ ಈ ನೀರೇ ಬೇಕು, ಇಲ್ದಿದ್ರೆ ಬಾಯಿ ತೆಗಿಯಾಕಾಗಲ್ಲ ಅಂದ್ರು. ನೋಡಿದ್ರೆ ಒಳಗೆ ಬರೀ ಹುಳ! ಇಷ್ಟು ಜನದ ಮುಂದೆ ಗಂಡ ಹುಳದ ನೀರು ಕುಡಿದ್ರೆ ನನಗೇನಂತಾರೆ? ಬಾಟ್ಲಿ ಬೂದಿ ಹಾಕಿ ತಿಕ್ಕಿ ತೊಳೆದು, ನಾಕು ಮಡಿಕೆ ಬಟ್ಟೆಯಾಗೆ ಸೋಸಿ ತುಂಬೀನಿ. ಒಂದು ಹುಳ ಇದ್ರೆ ಕೇಳ್ರಿ!"

ಒಂದೂ ಇರಲಿಲ್ಲ. ಅವಳ ಕೆಲಸದಲ್ಲಿ ಕುಂದಿರುವುದಿಲ್ಲ.

ದೊಡ್ಡ ಡಾಕ್ಟರ ಮುಖ ಅರಳಿತು. ನನ್ನ ಎದೆಯಲ್ಲೂ ಆಸೆ ಅರಳಿತು. ಅವರು ನನ್ನ ಪ್ರಬಂಧವನ್ನು ತಿರುವುತ್ತಾ, "ಜನ ಎಷ್ಟು ಹೇಳಿದರೂ ನೀರು ಸೋಸುವುದಿಲ್ಲ ಅಂತ ಎಂಟು ಪುಟ ಬರೆದಿದ್ದೀರಿ. ನಿಮ್ಮ ಮನೆಯವರು ಇಷ್ಟು ಚೆನ್ನಾಗಿ ಸೋಸುತ್ತಾರಲ್ಲ! ಹೇಗೆ ಕಲಿಸಿದಿರಿ?" ಎಂದರು.

ಮುಳುಗುವವನಿಗೆ ಇಷ್ಟು ಸಾಕು. "ನಿರಂತರ ಬೋಧನೆಯಿಂದ, ಸರ್" ಎಂದೆ.

"ಇವರೇನು ಕಲ್ಸಿದ್ರು?" ಗಿರಿಜಮ್ಮ ಇನ್ನೂ ಕೂತಿರಲಿಲ್ಲ. "ನಮ್ಮ ತೌರು ಉಬ್ರಾಣಿ ಸ್ವಾಮಿ. ನಮ್ಮವ್ವ ನಾನು ಚಿಕ್ಕೋಳಿದ್ದಾಗ್ಲೇ ಕಲ್ಸಿದ್ದು. ಇವರಿಗೆ ಸೋಸಿದ ನೀರು ಕೊಟ್ರೆ ಬಟ್ಟೆ ರುಚಿ ಬರ್ತೈತೆ ಅಂತ ಮುಖ ಸಿಂಡರಿಸ್ತಾರೆ. ಯಾರ ಮನೆಗೆ ಹೋದ್ರೂ ಕೊಡದಾಗಿನ ನೀರು ಹಂಗೇ ಎತ್ತಿ ಗಟಗಟ ಕುಡೀತಾರೆ. ಹೌದೋ ಅಲ್ವೋ ಹೇಳ್ರಿ ಮತ್ತೆ!"

ಸಾಕಮ್ಮ ಹೌದೆಂದು ತಲೆಯಾಡಿಸಿದಳು. ಕೇಳದಿದ್ದರೂ ಸಾಕ್ಷಿ ಹೇಳುವವಳು ಅವಳು.

ಸಭೆ ಗೊಳ್ಳೆಂದಿತು. ಆದರೆ ಆ ನಗೆ ನನಗೆ ಕೇಳಿಸಲಿಲ್ಲ. ನನ್ನ ತಲೆಯಲ್ಲಿ ಒಂದು ಚೊಂಬು ತಿರುಗುತ್ತಿತ್ತು. ಒಂದಲ್ಲ, ಎರಡು. ಬಹಳ ಸಿಹಿಯಾಗಿದ್ದ ಎರಡು ಚೊಂಬು!

ಚಂದ್ರಪ್ಪನ ಜೊತೆ ನನಗೂ "ಮುಂದಿನ ವರ್ಷ" ಎಂದು ಬರೆದರು. ಸೈಕಲ್ಲು ಹೋಯಿತು. ನಾನು ಚೀಲ ಹೊತ್ತು ಮತ್ತೆ ಹಳ್ಳಿಗಳ ದಾರಿ ಹಿಡಿದೆ. ಕೊಟ್ಟ ಮಾತು ತಪ್ಪಿದ್ದಕ್ಕೆ ಮೊಣಕಾಲುಗಳು ಹೆಜ್ಜೆ ಹೆಜ್ಜೆಗೂ ನನ್ನನ್ನು ಬೈದವು.

ಮನೆಯಲ್ಲಿ ನಾನು ಎರಡು ದಿನ ಗಿರಿಜಮ್ಮನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವಳು, "ಹುಳ ಬೇಕಿದ್ರೆ ಹುಳ ಬೇಕು ಅಂತ ಹೇಳಬೇಕಪ್ಪಾ. ನಾನೇನು ಕನಸು ಕಾಣಲಾ?" ಎಂದಳು. ನಾಲ್ಕನೆಯ ದಿನದಿಂದ ಸೋಸಿದ ನೀರು ಕುಡಿಯತೊಡಗಿದೆ. ಬಟ್ಟೆಯ ರುಚಿ ಬರಲೇ ಇಲ್ಲ.

ಆದರೆ ಚಿಂತೆ ಸೋಸಿಹೋಗಲಿಲ್ಲ. ದಿನಾ ಬೆಳಗ್ಗೆ ಎದ್ದು ಜಗಲಿಯಲ್ಲಿ ಕೂತು ಭೂತಗನ್ನಡಿಯಲ್ಲಿ ನನ್ನ ಕಾಲುಗಳನ್ನು ಹಿಮ್ಮಡಿಯಿಂದ ಮೊಣಕಾಲಿನವರೆಗೆ ಪರೀಕ್ಷಿಸುತ್ತಿದ್ದೆ. ಸೊಳ್ಳೆ ಕಚ್ಚಿದರೆ ಮತ್ತೆ ಭೂತಗನ್ನಡಿಗೆ ಓಡುತ್ತಿದ್ದೆ. ಮುಳ್ಳು ಚುಚ್ಚಿದರೆ ಉಯಿಲಿನ ಯೋಚನೆ ಬರುತ್ತಿತ್ತು.

"ಬೆಳಗಾಗೆದ್ದು ದೇವರ ಮುಖ ನೋಡ್ತಾರೆ ಜನ. ನೀವು ಕಾಲು ನೋಡ್ಕೊಂತೀರಲ್ರಿ!" ಎಂದು ಗಿರಿಜಮ್ಮ ಬೈಯುವಳು.

ಹನ್ನೊಂದು ತಿಂಗಳು ಏನೂ ಆಗಲಿಲ್ಲ. ಹುಳುವಿಗೆ ನನ್ನ ಮೈ ಹಿಡಿಸಲಿಲ್ಲ, ಬಹುಶಃ ನನ್ನ ಚಿಂತೆಗಳ ನಡುವೆ ಅದಕ್ಕೆ ಜಾಗ ಸಿಗಲಿಲ್ಲ ಎಂದು ಸಮಾಧಾನವಾಯಿತು. ಭೂತಗನ್ನಡಿಯನ್ನು ಎತ್ತಿಟ್ಟು, ಧೈರ್ಯವಾಗಿ ಮತ್ತೆ ಪರೀಕ್ಷೆಗೆ ಹೆಸರು ಕೊಟ್ಟೆ. ಎತ್ತಿಟ್ಟ ಎಂಟನೆಯ ದಿನ ಬಲಗಾಲಿನ ಪಾದದ ಕೀಲಿನ ಮೇಲೆ ಒಂದು ಬೊಬ್ಬೆ ಎದ್ದಿತು. ಉರಿ ಎಂದರೆ ಉರಿ! ಒಡೆದಾಗ ನಡುವೆ ಬಿಳಿಯ ದಾರದ ತುದಿ ಇಣುಕಿತು.

"ಚಂದ್ರಪ್ಪಾ!" ಎಂದು ಕೂಗಿದೆ. ಅವನು ಓಡಿ ಬಂದು ಬಗ್ಗಿ ನೋಡಿದ. ಅವನ ಕಣ್ಣುಗಳು ಹೊಳೆದವು. ಅಷ್ಟು ಸಂತೋಷವನ್ನು ನಾನು ಯಾರ ಮುಖದಲ್ಲೂ ಕಂಡಿಲ್ಲ.

"ಅಣ್ಣಾ! ಇದು ನಾರುಹುಣ್ಣೇ! ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಈ ಸಲ ಇದನ್ನ ನನಗೆ ಬಿಟ್ಕೊಡು. ಕಜ್ಜಿ ಅಂದ್ರೆ ಆ ಡಾಕ್ಟ್ರು ನನ್ನ ಹೊಡೀತಾರೆ!"

"ನನ್ನ ಹುಳು, ನನ್ನ ಕಾಲು. ನಾನೇ ಮಂಡಿಸ್ತೀನಿ!" ಎಂದು ಗುಡುಗಿದೆ. ಇಲಾಖೆಗೆ ಅರ್ಜಿಯನ್ನೂ ಬರೆದೆ. ಉತ್ತರ ಬಂತು: ಒಬ್ಬನೇ ವ್ಯಕ್ತಿ ಏಕಕಾಲದಲ್ಲಿ ವಿದ್ಯಾರ್ಥಿಯೂ ರೋಗಿಯೂ ಆಗಿರಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

ಅದೇ ಛತ್ರ, ಅದೇ ಹಜಾರ. ನನ್ನನ್ನು ಎತ್ತಿನ ಗಾಡಿಯಲ್ಲಿ ಕರೆತಂದು ಬೆಂಚಿನ ಮೇಲೆ ಕೂರಿಸಿ, ಕಾಲನ್ನು ಎತ್ತರದ ಮಣೆಯ ಮೇಲಿಟ್ಟರು. ಹುಳುವಿನ ಒಂದು ತುದಿ ಕಡ್ಡಿಗೆ ಸುತ್ತಿತ್ತು, ಇನ್ನೊಂದು ತುದಿ ನನ್ನೊಳಗೆ. ಚಂದ್ರಪ್ಪ ಕೋಲು ಹಿಡಿದು ನನ್ನ ಕಾಲನ್ನು ತೋರಿಸುತ್ತಾ, ಸೋಸದ ನೀರು ಕುಡಿಯುವವರ ಅವಿವೇಕದ ಬಗ್ಗೆ ಅರ್ಧ ಗಂಟೆ ನಿರರ್ಗಳವಾಗಿ ಮಾತಾಡಿದ. ನಾನೂ ಒಪ್ಪಿ ಒಪ್ಪಿ ತಲೆಯಾಡಿಸಿದೆ. ಅರ್ಧ ಭಾಗ ನನ್ನ ಹಳೆಯ ಪ್ರಬಂಧದ್ದೇ.

ದೊಡ್ಡ ಡಾಕ್ಟರು ಹತ್ತಿರ ಬಂದು ಕಾಲು ನೋಡಿದರು. ಆಮೇಲೆ ಮುಖ ನೋಡಿದರು. "ನಿಮ್ಮನ್ನು ಎಲ್ಲೋ ನೋಡಿದ್ದೀನಲ್ಲ?"

"ಏಲಕ್ಕಿ, ಸರ್" ಎಂದೆ.

"ಓಹೋ!" ಎಂದು ಅವರು ನನ್ನ ಭುಜ ತಟ್ಟಿದರು. "ಹೋದ ವರ್ಷ ತೋರಿಸ್ತೀನಿ ಅಂದಿರಿ. ಈ ವರ್ಷ ತಪ್ಪದೆ ತಂದಿರಿ. ಭೇಷ್!"

ಚಂದ್ರಪ್ಪ ಮೊದಲನೆಯವನಾಗಿ ಪಾಸಾದ. ನನಗೆ ಮೂರು ತಿಂಗಳು ನಡೆಯಕೂಡದೆಂದು ಬರೆದುಕೊಟ್ಟರು. ಹಾಗೆ ನನ್ನ ಮೊಣಕಾಲುಗಳಿಗೆ ಕೊನೆಗೂ ವಿಶ್ರಾಂತಿ ಸಿಕ್ಕಿತು; ಕೊಡಿಸಿದ್ದು ಮಾತ್ರ ನಾನಲ್ಲ, ಹುಳು. ಚಂದ್ರಪ್ಪ ದಿನಾ ಬೆಳಗ್ಗೆ ಹೊಸ ಸೈಕಲ್ಲಿನ ಗಂಟೆ ಬಾರಿಸುತ್ತಾ ನಮ್ಮ ಜಗಲಿಯ ಮುಂದೆ ನಿಲ್ಲಿಸಿ, "ಅಣ್ಣಾ, ಇವತ್ತು ಎಷ್ಟುದ್ದ ಬಂತು?" ಎಂದು ಕೇಳುವನು. ಗಿರಿಜಮ್ಮ ಒಳಗಿನಿಂದಲೇ, "ಎರಡು ಬೆರಳು ಬಂತಪ್ಪಾ. ನೀರು ಕುಡೀತೀಯಾ? ಸೋಸಿದ್ದು!" ಎನ್ನುವಳು.

ಅವನು ತನ್ನ ಪ್ರಬಂಧದ ಒಂದು ಪ್ರತಿಯನ್ನು ನನಗೂ ತಂದುಕೊಟ್ಟ. ಇಪ್ಪತ್ತೊಂದು ವರ್ಷದ ಸೇವೆಯಲ್ಲಿ ನನ್ನ ವಿಷಯ ಅಚ್ಚುಕಟ್ಟಾಗಿ ಬರೆದಿಟ್ಟ ಸರ್ಕಾರಿ ಕಾಗದ ಅದೊಂದೇ. ಮೊದಲ ಪುಟದಲ್ಲೇ ಇದ್ದೇನೆ: ರೋಗಿ, ಗಂಡಸು, ವಯಸ್ಸು ನಲವತ್ತೈದು, ಉದ್ಯೋಗ ಆರೋಗ್ಯ ಇಲಾಖೆ. ಕೊನೆಯ ಆ ಎರಡು ಪದಗಳ ಕೆಳಗೆ ದೊಡ್ಡ ಡಾಕ್ಟರು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಾರೆ.